ಚಾವಡಿ ಗೋಡೆಯ ಕಾಗದ: ಏಳನೇ ನಮೂನೆಯ ಕಥೆ



ಹೊಲದ ಕೆಲಸ ಮುಗಿಸಿ, ದನಗಳಿಗೆ ಮೇವು ಹಾಕಿ, ಕೈಕಾಲು ತೊಳೆದು ಕೂತಿದ್ದೀರಿ. ಈ ಹೊತ್ತು ಬಿತ್ತನೆಯ ಮಾತಾಗಲಿ, ಗೊಬ್ಬರದ ಮಾತಾಗಲಿ ಬೇಡ. ಒಂದು ಕಾಗದದ ಮಾತು ಆಡೋಣ. ಕಾಗದ ಅಂದಕೂಡಲೆ ಬೇಸರ ಬೇಡಿ. ಹೊಲಕ್ಕೆ ಮಳೆ ಎಷ್ಟು ಮುಖ್ಯವೋ, ಹೊಲ ನಮ್ಮದಾಗಿ ಉಳಿಯುವುದಕ್ಕೆ ಕಾಗದ ಅಷ್ಟೇ ಮುಖ್ಯ. ಅದು ಹೇಗೆ ಅನ್ನುವುದನ್ನು ನಮ್ಮ ರಾಜ್ಯದಲ್ಲೇ ನಡೆದ ಒಂದು ದೊಡ್ಡ ಸಂಗತಿಯಿಂದ ತಿಳಿಯೋಣ.

ಊರ ಚಾವಡಿಯ ಗೋಡೆಗೆ ಸರ್ಕಾರದವರು ನೋಟೀಸು ಅಂಟಿಸುವುದನ್ನು ನೀವೆಲ್ಲ ಕಂಡವರೇ. ಹಿಂದೆ ಇದೇ ಕೆಲಸ ತಮಟೆಯಿಂದ ಆಗುತ್ತಿತ್ತು. ತೋಟಿಯೋ ತಳವಾರನೋ ಕೇರಿ ಕೇರಿ ಸುತ್ತಿ ಡಂಗುರ ಹೊಡೆದು, ಕಂದಾಯ ಕಟ್ಟುವ ದಿನ ಬಂತು, ಅಮಲ್ದಾರರು ಬರುತ್ತಾರೆ, ಎಲ್ಲರೂ ಚಾವಡಿಗೆ ಬನ್ನಿ ಎಂದು ಸಾರುತ್ತಿದ್ದರು. ಆಮೇಲೆ ಅಚ್ಚಿನ ಕಾಗದ ಬಂತು. ತಮಟೆಯ ಸದ್ದು ಓದುಬರಹ ಬಾರದವರ ಕಿವಿಗೂ ಬೀಳುತ್ತದೆ, ಕಾಗದ ಹಾಗಲ್ಲ. ಗೋಡೆಗೆ ಹಚ್ಚಿದ್ದು ಮಳೆಗೆ ನೆನೆದು, ಬಿಸಿಲಿಗೆ ಬೆಳ್ಳಗಾಗಿ, ಕೊನೆಗೆ ಮೇಕೆಯ ಬಾಯಿಗೆ ಹೋಗುವುದೂ ಉಂಟು. "ಅದೇನೋ ಸರ್ಕಾರದ್ದು ಬಿಡಿ, ನಮಗೇನಾಗಬೇಕು?" ಅಂತ ನಾವೂ ಮುಂದೆ ನಡೆದುಬಿಡುತ್ತೇವೆ.

ಆದರೆ 1974ರಲ್ಲಿ ಊರೂರಿಗೆ ಬಂದ ಒಂದು ಪ್ರಕಟಣೆ ಲಕ್ಷಾಂತರ ಮನೆತನಗಳ ಹಣೆಬರಹವನ್ನೇ ತಿದ್ದಿತು. ಅದನ್ನು ಕೇಳಿ, ತಿಳಿದು, ಸಮಯಕ್ಕೆ ಸರಿಯಾಗಿ ಒಂದು ಅರ್ಜಿ ಕೊಟ್ಟವರು ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. ಕೇಳದೆ ಹೋದವರು, ಕೇಳಿಯೂ ಅಂಜಿ ಕೂತವರು, ಅದೇ ಹೊಲದಲ್ಲಿ ಅಜ್ಜನ ಕಾಲದಿಂದ ಬೆವರು ಸುರಿಸಿದ್ದರೂ ಬರಿಗೈಯಲ್ಲಿ ಉಳಿದರು. ಆ ಅರ್ಜಿಯೇ ಏಳನೇ ನಮೂನೆ. ಹಳ್ಳಿಯ ಬಾಯಲ್ಲಿ ಅದು "ಏಳನೇ ನಂಬರ್ ಫಾರಂ".

ಗೇಣಿಯ ಕಟ್ಟು

ಈ ಅರ್ಜಿ ಯಾಕೆ ಬಂತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೆಲ ಒಬ್ಬರದು, ನೇಗಿಲು ಇನ್ನೊಬ್ಬರದು, ಇದು ನಮ್ಮಲ್ಲಿ ಬಹಳ ಹಳೆಯ ಏರ್ಪಾಡು. ಊರಿಗೊಂದು ಹೆಸರು ಅದಕ್ಕೆ. ಮಲೆನಾಡಿನಲ್ಲಿ ಗೇಣಿ, ಬಯಲುಸೀಮೆಯಲ್ಲಿ ವಾರ, ಗುತ್ತಿಗೆ, ಉತ್ತರದ ಕಡೆ ಲಾವಣಿ, ಪಾಲು. ಕರಾವಳಿಯಲ್ಲಿ ಎರಡು ಬಗೆ: ಮೂಲಗೇಣಿ ಮತ್ತು ಚಾಲಗೇಣಿ. ಮೂಲಗೇಣಿಯವರಿಗೆ ನೆಲ ಕಾಯಂ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು. ಚಾಲಗೇಣಿಯವರ ಪಾಡು ಬೇರೆ. ಒಡೆಯರು ಬೇಡ ಅಂದ ದಿನ ಎದ್ದು ಹೋಗಬೇಕು. ಎದ್ದು ಹೋಗಬೇಕಾದವನು ತೆಂಗಿನ ಸಸಿ ನೆಡುತ್ತಾನೆಯೆ? ಬದು ಹಾಕುತ್ತಾನೆಯೆ? ಬಾವಿ ತೋಡುತ್ತಾನೆಯೆ? ಇಲ್ಲ. ಈ ವರ್ಷದ ಬೆಳೆ ಬಂದರೆ ಸಾಕು ಅನ್ನುತ್ತಾನೆ. ಹೀಗೆ ನೆಲವೂ ಸೊರಗುತ್ತಿತ್ತು, ಉಳುವವನೂ ಸೊರಗುತ್ತಿದ್ದ.

ಇನ್ನು ಗೇಣಿಯ ಲೆಕ್ಕ. ಅದು ಬಹುಮಟ್ಟಿಗೆ ಬಾಯಿಮಾತಿನದು. ಕಣದಲ್ಲಿ ರಾಶಿಯಾದ ಕೂಡಲೆ ಒಡೆಯರ ಕಡೆಯವರು ಬಂದು ಅಳೆದುಕೊಂಡು ಹೋಗುವರು. ಎಷ್ಟು ಕೊಟ್ಟೆ ಎಂಬುದಕ್ಕೆ ಚೀಟಿ ಇಲ್ಲ, ಎಷ್ಟು ವರ್ಷದಿಂದ ಉಳುತ್ತಿದ್ದೇನೆ ಎಂಬುದಕ್ಕೆ ಕರಾರಿಲ್ಲ. ಎಲ್ಲವೂ ನಂಬಿಕೆಯ ಮೇಲೆ. ನಂಬಿಕೆ ಒಳ್ಳೆಯದೇ. ಆದರೆ ಕಚೇರಿಯ ಮೇಜಿನ ಮೇಲೆ ನಂಬಿಕೆಯನ್ನು ತೋರಿಸುವುದು ಹೇಗೆ?

ಅಳತೆಯ ವಿಷಯವೇ ಒಂದು ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರು. ಅಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತೆಂದು ಗೇಣಿದಾರರು ತಕರಾರು ತೆಗೆದರು. ಕೊಳಗ ಒಂದು ಹಿಡಿ ದೊಡ್ಡದಾದರೆ ಖಂಡುಗದ ಲೆಕ್ಕದಲ್ಲಿ ಎಷ್ಟಾಗುತ್ತದೆ, ನಿಮಗೆ ಹೇಳಬೇಕಾಗಿಲ್ಲ. 1951ರ ಏಪ್ರಿಲ್‌ನಲ್ಲಿ ಅಲ್ಲಿ ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಸಮಾಜವಾದಿ ಮುಖಂಡ ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. "ಉಳುವವನೇ ಹೊಲದೊಡೆಯ" ಎಂಬ ಮಾತು ಊರೂರಿನ ಬಾಯಿಗೆ ಬಂದದ್ದರಲ್ಲಿ ಕಾಗೋಡಿನ ಪಾಲು ದೊಡ್ಡದು.

ಕಾಯಿದೆ ಹುಟ್ಟಿತು, ಆದರೆ ನಡೆಯಲಿಲ್ಲ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಗೇಣಿಯ ಕಾನೂನುಗಳು ಐದು ಬಗೆಯಾಗಿದ್ದವು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆ ಮುಂಬಯಿಯ ಕಾನೂನು, ಗುಲ್ಬರ್ಗ, ಬೀದರ್, ರಾಯಚೂರಿನಲ್ಲಿ ಹೈದರಾಬಾದಿನದು, ಮಂಗಳೂರಿನ ಕಡೆ ಮದ್ರಾಸಿನದು, ಕೊಡಗಿಗೆ ಬೇರೆ, ಹಳೆ ಮೈಸೂರಿಗೆ ಬೇರೆ. ಒಂದೇ ರಾಜ್ಯದ ಗೇಣಿದಾರರಿಗೆ ಐದು ನ್ಯಾಯ ಆದರೆ ಹೇಗೆ? ಇದನ್ನು ಸರಿಮಾಡಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಅದರ ಫಲವಾಗಿ 1961ರ ಭೂ ಸುಧಾರಣಾ ಕಾಯಿದೆ ಬಂತು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1962ರಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು.

ಈ ತಾರೀಖುಗಳನ್ನು ಸ್ವಲ್ಪ ಗಮನಿಸಿ. ಕಾಯಿದೆ ಆದದ್ದು ಒಂದು ದಿನ. ಅದು ನಡೆಯಲು ಶುರುವಾದದ್ದು ವರ್ಷಗಳ ಮೇಲೆ. ನಾವು ಎಷ್ಟೋ ಸಲ ಕಾಯಿದೆ ಪಾಸಾಯಿತು ಎಂದು ಕೇಳಿದ ಕೂಡಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಯಾವ ತಾರೀಖಿನಿಂದ ಜಾರಿ ಎಂದು ಸರ್ಕಾರದವರು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಬೀಜ ತಂದದ್ದೇ ಬೆಳೆಯಲ್ಲ, ಬಿತ್ತಿದ ಮೇಲೆ ಬೆಳೆ.

ಆ ನಡುವಿನ ವರ್ಷಗಳಲ್ಲಿ ಏನಾಯಿತು? ಕಾಯಿದೆ ಬರುತ್ತಿದೆ ಎಂಬ ಸುದ್ದಿ ಓದುಬಲ್ಲವರಿಗೆ ಮೊದಲು ಮುಟ್ಟಿತು. ಕೆಲವು ಕಡೆ ಗೇಣಿದಾರರನ್ನು ಹೊಲ ಬಿಡಿಸಿದರು. ಕೆಲವು ಕಡೆ "ನೀನಾಗಿಯೇ ಬಿಟ್ಟುಕೊಟ್ಟೆ ಅಂತ ಬರೆದುಕೊಡು, ಮುಂದಿನ ವರ್ಷ ನಿನಗೇ ಕೊಡುತ್ತೇನೆ" ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಪಹಣಿಯಲ್ಲಿ ಸಾಗುವಳಿದಾರನ ಹೆಸರು ಇದ್ದ ಕಡೆ ಒಡೆಯರ ಹೆಸರು ಕೂತಿತು. ಅಲ್ಲದೆ 1961ರ ಕಾಯಿದೆಯಲ್ಲಿ ಒಡೆಯರು ಸ್ವಂತ ಸಾಗುವಳಿಗೆಂದು ನೆಲ ಹಿಂದಕ್ಕೆ ಕೇಳಲು ಅವಕಾಶವಿತ್ತು. ಹೀಗಾಗಿ ಬೇಲಿ ಹಾಕಿದರೂ ಬೇಲಿಯಲ್ಲಿ ಕಂಡಿ ಉಳಿಯಿತು.

1974ರ ಮಾರ್ಚ್ 1

1972ರಲ್ಲಿ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅವರ ಸರ್ಕಾರ ಆ ಕಂಡಿಗಳನ್ನು ಮುಚ್ಚಲು ಕಾಯಿದೆಗೆ ದೊಡ್ಡ ತಿದ್ದುಪಡಿ ತಂದಿತು. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಈ ತಾರೀಖನ್ನು ನಮ್ಮ ರಾಜ್ಯದ ರೈತರು ನೆನಪಿನಲ್ಲಿ ಇಡಬೇಕು. ಯಾಕೆಂದರೆ ಎಲ್ಲ ಲೆಕ್ಕವೂ ಆ ದಿನದ ಮೇಲೆಯೇ ನಿಂತಿದೆ.

ಕಾಯಿದೆಯ ಭಾಷೆ ಗಟ್ಟಿ ಭಾಷೆ. ಅದರ ನಾಲ್ಕೈದು ಮಾತುಗಳನ್ನು ಬಿಡಿಸಿ ನೋಡೋಣ.

ಒಂದು: "ಸರ್ಕಾರದಲ್ಲಿ ನಿಹಿತವಾಗತಕ್ಕದ್ದು." ಇದು 44ನೇ ಕಲಂ. ಏನಪ್ಪಾ ಹಾಗಂದರೆ? 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿದಾರರ ಕೈಯಲ್ಲಿದ್ದ ನೆಲದ ಒಡೆತನ ಹಳೆಯ ಒಡೆಯರಿಂದ ಕಳಚಿ ಸರ್ಕಾರಕ್ಕೆ ಸೇರಿತು ಎಂದು ಅರ್ಥ. ಗಮನಿಸಿ, ಗೇಣಿದಾರನಿಗೆ ಸೇರಿತು ಎಂದಲ್ಲ. ಸರ್ಕಾರಕ್ಕೆ ಸೇರಿತು.

ಎರಡು: "ಅಧಿಭೋಗದಾರನೆಂದು ನೋಂದಾಯಿಸಿಕೊಳ್ಳಲು ಹಕ್ಕುಳ್ಳವನು." ಇದು 45ನೇ ಕಲಂ. ಸರ್ಕಾರಕ್ಕೆ ಸೇರಿದ ಆ ನೆಲವನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳುವ ಹಕ್ಕು ಗೇಣಿದಾರನಿಗೆ ಬಂತು. ಕೇಳುವ ಹಕ್ಕು! ಕೇಳದೆ ಇದ್ದರೆ? ಅಲ್ಲೇ ಇರುವುದು ಈ ಕಥೆಯ ಗುಟ್ಟು. ಬುತ್ತಿ ಕಟ್ಟಿಟ್ಟಿದ್ದರೂ ಕೈ ನೀಡಿ ತೆಗೆದುಕೊಳ್ಳಬೇಕು.

ಮೂರು: "ಗೇಣಿದಾರನೆಂದು ಭಾವಿಸತಕ್ಕವನು." ಇದು 4ನೇ ಕಲಂ. ಕರಾರುಪತ್ರ ಇಲ್ಲದಿದ್ದರೂ, ಇನ್ನೊಬ್ಬರ ನೆಲವನ್ನು ನ್ಯಾಯವಾಗಿ ಸಾಗುವಳಿ ಮಾಡುತ್ತಿರುವವನನ್ನು ಗೇಣಿದಾರ ಎಂದೇ ತಿಳಿಯಬೇಕು ಎಂದು ಇದರ ಅರ್ಥ. ಆದರೆ ಒಡೆಯರ ಮನೆಯವನೇ ಆಗಿದ್ದರೆ ಇಲ್ಲ. ಒಡೆಯರೇ ನಿಂತು ಮಾಡಿಸುವ ಕೆಲಸಕ್ಕೆ ಕೂಲಿಗೋ ಸಂಬಳಕ್ಕೋ ಬಂದವನಾದರೆ ಇಲ್ಲ. ಭೋಗ್ಯಕ್ಕೆ ಹಿಡಿದವನಾದರೆ ಇಲ್ಲ. ಆದುದರಿಂದಲೇ ಮುಂದೆ ವಿಚಾರಣೆಗಳಲ್ಲಿ "ಅವನು ಗೇಣಿದಾರನಲ್ಲ, ನಮ್ಮ ಆಳು" ಎಂಬ ಮಾತು ಮತ್ತೆ ಮತ್ತೆ ಬಂತು.

ನಾಲ್ಕು: ಹೊಸ ಗೇಣಿ ಕೂಡದು. ಇದು 5ನೇ ಕಲಂ. ಸೈನಿಕರು ಮತ್ತು ನಾವಿಕರ ನೆಲಕ್ಕೆ ಮಾತ್ರ ವಿನಾಯಿತಿ ಇಟ್ಟರು. ಕಾಫಿ, ಚಹಾ, ರಬ್ಬರಿನಂಥ ತೋಟಗಳ ವಿಷಯದಲ್ಲೂ ಬೇರೆ ಏರ್ಪಾಡು ಇತ್ತು.

ಇಷ್ಟೆಲ್ಲ ಹೇಳಿದ ಮೇಲೆ ಕಾಯಿದೆ ಕೇಳಿದ್ದು ಏನು? 48-ಎ ಕಲಂ ಪ್ರಕಾರ ಒಂದು ಅರ್ಜಿ. ಅದೇ ಏಳನೇ ನಮೂನೆ. ಕರಾವಳಿಯ ಕಡೆ ಇದನ್ನು "ಡಿಕ್ಲರೇಷನ್" ಎಂದೂ ಕರೆದರು. ಅದರಲ್ಲಿ ಬರೆಯಬೇಕಾದದ್ದು ಬಹಳವೇನಲ್ಲ. ಅರ್ಜಿದಾರನ ಹೆಸರು, ಊರು, ನೆಲದ ಸರ್ವೆ ನಂಬರು, ವಿಸ್ತೀರ್ಣ, ಒಡೆಯರು ಯಾರು, ಎಂದಿನಿಂದ ಸಾಗುವಳಿ, ಇಂಥ ವಿವರಗಳು. ಬೇಕಾಗಿದ್ದದ್ದು ಕಾಗದ ಒಂದು, ಶಾಯಿ ಒಂದಿಷ್ಟು, ಧೈರ್ಯ ಬಹಳ.

ಮಂಡಳಿಯ ಮುಂದೆ

ಅರ್ಜಿಗಳನ್ನು ವಿಚಾರಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯ ಮಂಡಳಿಗಳನ್ನು ಮಾಡಿದರು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಸರ್ಕಾರ ನೇಮಿಸಿದ ಸದಸ್ಯರು ನಾಲ್ವರು; ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು ಎಂಬ ನಿಯಮ. ವಕೀಲರು ಬರಕೂಡದು ಎಂದೂ ಕಾಯಿದೆಯಲ್ಲಿ ಬರೆದರು. ದುಡ್ಡುಳ್ಳವನು ದೊಡ್ಡ ವಕೀಲರನ್ನು ತಂದು ಬಡ ಗೇಣಿದಾರನ ಬಾಯಿ ಕಟ್ಟಬಾರದು ಎಂಬುದು ಅದರ ಉದ್ದೇಶ. ಮುಂದೆ 1987ರಲ್ಲಿ ಸುಪ್ರೀಂ ಕೋರ್ಟು ವಕೀಲರನ್ನು ಹಾಗೆ ತಡೆಯಲಾಗದು ಎಂದು ಹೇಳಿತು. ಆದರೆ ಅಷ್ಟರಲ್ಲಿ ಬಹಳಷ್ಟು ವಿಚಾರಣೆಗಳು ರೈತರ ಸ್ವಂತ ಬಾಯಿಂದಲೇ ನಡೆದುಹೋಗಿದ್ದವು.

ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಡೆಯರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ ಮನುಷ್ಯ. ಈಗ ಅದೇ ಒಡೆಯರು ಒಂದು ಕಡೆ, ತಾನು ಒಂದು ಕಡೆ. ನಡುವೆ ಮೇಜು. "ಈ ನೆಲ ಉಳುವವನು ನಾನೇ" ಅನ್ನಬೇಕು. ಎಷ್ಟೋ ಜನಕ್ಕೆ ಬಾಯಿ ಬರಲಿಲ್ಲ. ಬಾಯಿ ಬಂದವರಿಗೆ ಕೇಳಿದ್ದು ಒಂದೇ ಪ್ರಶ್ನೆ: "ರುಜುವಾತು ಏನಿದೆ?"

ರುಜುವಾತು ಅಂದರೆ ಮುಖ್ಯವಾಗಿ ಪಹಣಿ. ನೆಲದ ದಾಖಲೆಯಲ್ಲಿ ಒಡೆಯರ ಹೆಸರಿಗೆ ಒಂದು ಕಾಲಂ ಇದೆ, ಸಾಗುವಳಿದಾರನ ಹೆಸರಿಗೆ ಬೇರೆ ಕಾಲಂ ಇದೆ. 1964ರ ಭೂಕಂದಾಯ ಕಾಯಿದೆಯ 133ನೇ ಕಲಂ ಏನು ಹೇಳುತ್ತದೆ ಅಂದರೆ, ಪಹಣಿಯಲ್ಲಿ ಬರೆದದ್ದನ್ನು ಸುಳ್ಳೆಂದು ಯಾರಾದರೂ ಸಾಬೀತು ಮಾಡುವ ತನಕ ನಿಜವೆಂದೇ ತಿಳಿಯಬೇಕು. ಪಹಣಿಯಲ್ಲಿ ಹೆಸರಿದ್ದ ಗೇಣಿದಾರನಿಗೆ ಅರ್ಧ ಕೆಲಸ ಅಲ್ಲಿಯೇ ಆಯಿತು. ಹೆಸರಿಲ್ಲದವನು ಗೇಣಿ ಚೀಟಿ ತೋರಿಸಬೇಕು, ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗೆ ತರಬೇಕು, ಸ್ಥಳಕ್ಕೆ ಬಂದು ನೋಡಿ ಎಂದು ಬೇಡಬೇಕು. ಅಕ್ಕಪಕ್ಕದವರೂ ಅದೇ ಒಡೆಯರ ಗೇಣಿದಾರರಾದರೆ ಸಾಕ್ಷಿ ಹೇಳುವವರು ಯಾರು?

ಅರ್ಜಿ ಕೊಡಲು ಇಟ್ಟ ಗಡುವನ್ನು ಮುಂದಕ್ಕೆ ಹಾಕುತ್ತ ಬಂದು, ಕೊನೆಯದಾಗಿ 1979ರ ಜೂನ್ 30 ಎಂದು ನಿಲ್ಲಿಸಿದರು. ಅಷ್ಟರಲ್ಲಿ ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದಿದ್ದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದಂಥ ಗೇಣಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಅರ್ಜಿಯೂ ಹೆಚ್ಚು. ಬಂದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಗೆದ್ದವರಿಗೆ ಹತ್ತನೇ ನಮೂನೆಯಲ್ಲಿ ಅಧಿಭೋಗದ ಹಕ್ಕಿನ ಪತ್ರ ಸಿಕ್ಕಿತು. ಚಾಲಗೇಣಿಯವನು ಒಡೆಯನಾದ. ಅವನ ಅಂಗಳದಲ್ಲಿ ತೆಂಗಿನ ಸಸಿ ಎದ್ದಿತು, ಬಾವಿ ಬಂತು, ಮಕ್ಕಳು ಶಾಲೆಗೆ ಹೋದರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇಂದು ತೋಟ ಮಾಡಿಕೊಂಡಿರುವ ಎಷ್ಟೋ ಮನೆಗಳ ಬುನಾದಿಯಲ್ಲಿ ಆ ಒಂದು ಹಾಳೆ ಇದೆ.

ಅರ್ಜಿ ಕೊಡದವರು

ಈಗ ನೀವು ಕೇಳಬಹುದು: "ಅಲ್ಲಾ ಸ್ವಾಮಿ, ಪುಕ್ಕಟೆ ಸಿಗುವ ಹಕ್ಕನ್ನು ಬೇಡ ಅನ್ನುವ ದಡ್ಡ ಯಾರು?"

ದಡ್ಡತನದ ಮಾತಲ್ಲ ಇದು. ಕಾರಣಗಳು ಬೇರೆ ಬೇರೆ. ಮೊದಲನೆಯದು ಹೆದರಿಕೆ. ಅರ್ಜಿ ಕೊಟ್ಟ ಮಾರನೆಯ ದಿನ ಸಾಲ ಕೊಡುವವರು ಯಾರು? ಹೆಂಡತಿಗೆ ಹೆರಿಗೆ ನೋವು ಬಂದರೆ ಗಾಡಿ ಕೊಡುವವರು ಯಾರು? ಒಡೆಯರೇ ಅಲ್ಲವೆ? ಎರಡನೆಯದು ದಾಕ್ಷಿಣ್ಯ. "ಅವರ ಅನ್ನ ತಿಂದು ಅವರ ಮೇಲೇ ಅರ್ಜಿ ಹಾಕಲೆ?" ಅಂದವರು ಉಂಟು. ಈ ಮಾತಿನಲ್ಲಿ ಒಳ್ಳೆಯತನವೂ ಇದೆ, ನಷ್ಟವೂ ಇದೆ. ಮೂರನೆಯದು ಬಾಯಿಮಾತಿನ ಭರವಸೆ. "ಅರ್ಜಿ ಗಿರ್ಜಿ ಬೇಡ, ನಿನ್ನ ಪಾಲಿಗೆ ಎರಡು ಎಕರೆ ನಾನೇ ಬರೆದುಕೊಡುತ್ತೇನೆ" ಎಂದು ಒಡೆಯರು ಅಂದರು, ಇವನು ನಂಬಿದ. ಕೆಲವರು ಮಾತು ಉಳಿಸಿಕೊಂಡರು. ಕೆಲವರು ಉಳಿಸಿಕೊಳ್ಳಲಿಲ್ಲ. ಗಡುವು ಮುಗಿದ ಮೇಲೆ ಕೇಳುವುದಕ್ಕೆ ಬಾಗಿಲು ಇರಲಿಲ್ಲ.

ನಾಲ್ಕನೆಯದು ತಪ್ಪು ತಿಳಿವಳಿಕೆ. "ಕಾಯಿದೆ ಬಂದಾಯಿತು, ಉಳುವವನೇ ಒಡೆಯ ಅಂತ ಸರ್ಕಾರವೇ ಹೇಳಿದೆ, ಇನ್ನು ಅರ್ಜಿ ಯಾಕೆ?" ಅಂದುಕೊಂಡವರು ಇವರು. ಮೇಲೆ ಹೇಳಿದೆನಲ್ಲ, ನೆಲ ಸೇರಿದ್ದು ಸರ್ಕಾರಕ್ಕೆ. ಗೇಣಿದಾರನಿಗೆ ಬಂದದ್ದು ಕೇಳುವ ಹಕ್ಕು ಅಂತ. ಈ ಒಂದು ಅಂತರ ತಿಳಿಯದೆ ಹೋದದ್ದರಿಂದ ಹೊಲ ಹೋಯಿತು. ಐದನೆಯದು ಅರೆಬರೆ ಅರ್ಜಿ. ನಾಲ್ಕು ತುಂಡು ನೆಲ ಉಳುತ್ತಿದ್ದವನು ಒಂದೇ ಸರ್ವೆ ನಂಬರು ಬರೆಸಿದ. ಇನ್ನೊಬ್ಬ ನಂಬರನ್ನೇ ತಪ್ಪು ಬರೆಸಿದ. ಬರೆದುಕೊಟ್ಟವರು ಏನು ಬರೆದರು ಎಂದು ಓದಿಸಿ ಕೇಳಲಿಲ್ಲ.

ತಪ್ಪಿಹೋದವರ ಗೋಳು ಕೇಳಿ 1998ರಲ್ಲಿ 77-ಎ ಎಂಬ ಹೊಸ ಕಲಂ ಸೇರಿಸಿದರು. ಅದಕ್ಕೆ ಏಳು-ಎ ನಮೂನೆ. ಮೊದಲ ಸಲ ಅರ್ಜಿ ಕೊಡದೆ ಹೋದ, ಆದರೆ ನೆಲ ಉಳುತ್ತಲೇ ಇದ್ದ ಸಣ್ಣ ಹಿಡುವಳಿಯವರಿಗೆ ಅದು ಇನ್ನೊಂದು ಅವಕಾಶ. ಅದಕ್ಕೂ ಮಿತಿ ಇತ್ತು, ಅದಕ್ಕೂ ಗಡುವು ಇತ್ತು. ಸರ್ಕಾರ ಒಂದು ಸಲ ಬಾಗಿಲು ಮತ್ತೆ ತೆರೆಯಬಹುದು. ಪ್ರತಿ ಸಲವೂ ತೆರೆಯುತ್ತದೆ ಎಂದು ನಂಬಿ ಕೂರುವುದು ಮಳೆ ಬಂದಾಗ ಬಿತ್ತದೆ ಮುಂದಿನ ಮಳೆಗೆ ಕಾದ ಹಾಗೆ.

ಇನ್ನೊಂದು ಕಡೆಯ ಮಾತು

ಒಡೆಯರೆಲ್ಲ ದೊಡ್ಡವರು ಎಂದು ತಿಳಿಯಬಾರದು. ಗಂಡ ತೀರಿಕೊಂಡು, ಉಳುವ ಗಂಡಸರಿಲ್ಲದೆ, ಇದ್ದ ಎರಡು ಎಕರೆಯನ್ನು ಗೇಣಿಗೆ ಕೊಟ್ಟು ಜೀವನ ಮಾಡುತ್ತಿದ್ದ ಹೆಂಗಸರೂ ಇದ್ದರು. ತಂದೆ ಇಲ್ಲದ ಸಣ್ಣ ಮಕ್ಕಳ ನೆಲ ಇತ್ತು. 1974ರ ತಿದ್ದುಪಡಿ ಇಂಥವರ ನೆಲವನ್ನೂ ಬಿಡಲಿಲ್ಲ. ಪರಿಹಾರ ಕಂತಿನಲ್ಲಿ ಬಂತು, ತಡವಾಗಿ ಬಂತು. ಅಂಥ ಮನೆಗಳಲ್ಲಿ ಈ ಕಾಯಿದೆಯ ನೆನಪು ಸಿಹಿಯಾಗಿ ಉಳಿದಿಲ್ಲ. ಒಂದು ಮನೆಯ ಒಲೆ ಹತ್ತಿದಾಗ ಇನ್ನೊಂದು ಮನೆಯ ಒಲೆ ಆರಿದ್ದೂ ಉಂಟು ಎಂಬುದನ್ನು ಮರೆಯದೆ ಹೇಳಬೇಕು.

ಅದಕ್ಕಾಗಿಯೇ ಕಾಯಿದೆಯಲ್ಲಿ ನೋಟೀಸಿನ ನಿಯಮ ಗಟ್ಟಿಯಾಗಿತ್ತು. ಅರ್ಜಿ ಬಂದ ಮೇಲೆ ಮಂಡಳಿಯವರು ಆ ನೆಲವಿರುವ ಊರಿನಲ್ಲಿ ಸಾರ್ವಜನಿಕ ನೋಟೀಸು ಪ್ರಕಟಿಸಬೇಕು. ಒಡೆಯರಿಗೂ, ನೆಲದಲ್ಲಿ ಹಿತವುಳ್ಳ ಇತರರಿಗೂ ಪ್ರತ್ಯೇಕ ನೋಟೀಸು ಕೊಡಬೇಕು. ಅವರ ಮಾತು ಕೇಳಬೇಕು. ಇದನ್ನು ಸರಿಯಾಗಿ ಮಾಡದೆ ಕೊಟ್ಟ ತೀರ್ಪುಗಳನ್ನು ಹೈಕೋರ್ಟು ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಎಂದು ಹಿಂದಕ್ಕೆ ಕಳಿಸಿದ್ದು ಉಂಟು. ನೋಟೀಸು ತಲುಪಲಿಲ್ಲ ಎಂಬ ಒಂದೇ ಕಾರಣಕ್ಕೆ ಗೆದ್ದ ಗೇಣಿದಾರ ಮತ್ತೆ ಮೊದಲಿನಿಂದ ಓಡಾಡಬೇಕಾಯಿತು. ಕೆಲವು ವ್ಯಾಜ್ಯಗಳು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದವು. ನೋಡಿದಿರಾ? ಆ ಸಣ್ಣ ಕಾಗದ ಎರಡೂ ಕಡೆಯವರಿಗೆ ರಕ್ಷೆ. ಕೊಡಬೇಕಾದವರು ಕೊಡದಿದ್ದರೂ ತೊಂದರೆ, ತೆಗೆದುಕೊಳ್ಳಬೇಕಾದವರು ತೆಗೆದುಕೊಳ್ಳದಿದ್ದರೂ ತೊಂದರೆ.

ಮನೆಯೊಳಗಿನ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಅರ್ಜಿ ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಹೆಸರಿನಲ್ಲಿ ಹೋಯಿತು. ಅಣ್ಣ ಅರ್ಜಿ ಕೊಟ್ಟ, ಪತ್ರ ಅಣ್ಣನ ಹೆಸರಿಗೆ ಬಂತು. ಉತ್ತವರು ಅಣ್ಣತಮ್ಮಂದಿರೆಲ್ಲ, ನಾಟಿ ಮಾಡಿದವರು ಮನೆಯ ಹೆಂಗಸರೆಲ್ಲ. ಮುಂದೆ ಪಾಲಾಗುವ ಹೊತ್ತಿಗೆ "ಪತ್ರ ನನ್ನ ಹೆಸರಲ್ಲಿದೆ, ನೆಲ ನನ್ನದೇ" ಎಂದು ಅಣ್ಣ ಅಂದ. "ಮನೆತನದ ಪರವಾಗಿ ನೀನು ಅರ್ಜಿ ಕೊಟ್ಟದ್ದು" ಎಂದು ತಮ್ಮ ಅಂದ. ಕೋರ್ಟಿಗೆ ಹೋದ ಮನೆಗಳು ಒಂದೆರಡಲ್ಲ. ಅರ್ಜಿ ಬರೆಸುವ ದಿನವೇ ಕುಟುಂಬದ ಪರವಾಗಿ ಎಂದು ಒಂದು ಸಾಲು ಸೇರಿಸಿದ್ದರೆ ಎಷ್ಟು ಮನಸ್ತಾಪ ಉಳಿಯುತ್ತಿತ್ತು!

ಹಕ್ಕಿನ ಪತ್ರ ಸಿಕ್ಕವರಿಗೂ ಒಂದು ಕಟ್ಟುಪಾಡು ಇತ್ತು. 61ನೇ ಕಲಂ ಪ್ರಕಾರ ಮಂಡಳಿಯ ಅಂತಿಮ ಆಜ್ಞೆಯಿಂದ 15 ವರ್ಷ ಆ ನೆಲವನ್ನು ಮಾರಕೂಡದು. ಮನೆಯವರೊಳಗೆ ಪಾಲು ಮಾಡಿಕೊಳ್ಳಲು ಅಡ್ಡಿಯಿಲ್ಲ. ಕಷ್ಟಕ್ಕೆ ಸಿಕ್ಕ ರೈತ ಸಿಕ್ಕ ನೆಲವನ್ನು ಒಂದೇ ವರ್ಷದಲ್ಲಿ ಕಳೆದುಕೊಳ್ಳಬಾರದು ಎಂದು ಈ ನಿಯಮ. ಇದನ್ನು ಓದದೆ ಅವಧಿಯೊಳಗೆ ಕೊಂಡವರು, ಮಾರಿದವರು ಇಬ್ಬರೂ ಪೇಚಿಗೆ ಸಿಕ್ಕಿದರು.

ನಾವು ಕಲಿಯತಕ್ಕದ್ದು

ಏಳನೇ ನಮೂನೆಯ ಕಾಲ ಮುಗಿದುಹೋಯಿತು. 1974ರ ಮಾರ್ಚ್ 1ರ ನಂತರ ಬಾಯಿಮಾತಿನಲ್ಲಿ ಪಾಲಿಗೆ ಹಿಡಿದು ಉಳುತ್ತಿರುವವರಿಗೆ ಆ ಅರ್ಜಿಯಿಂದ ಒಡೆತನ ಬರುವುದಿಲ್ಲ. ಹಾಗೆ ಬರುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಕಾಲವೂ ಬದಲಾಗಿದೆ. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆ 1963ರಲ್ಲಿಯೇ ಹೋಯಿತು. ಪಹಣಿ ಶಾನುಭೋಗರ ಕೈಬರಹದಿಂದ ಭೂಮಿ ಯೋಜನೆಯಲ್ಲಿ ಗಣಕಯಂತ್ರಕ್ಕೆ ಬಂತು. ಆದರೆ ನೋಟೀಸು ಬರುವುದು ನಿಂತಿಲ್ಲ. ಖಾತೆ ಬದಲಾವಣೆಗೆ ನೋಟೀಸು, ಅಳತೆಗೆ ನೋಟೀಸು, ರಸ್ತೆಗೋ ಕಾಲುವೆಗೋ ನೆಲ ತೆಗೆದುಕೊಳ್ಳುವುದಕ್ಕೆ ನೋಟೀಸು, ಬೆಳೆ ವಿಮೆಗೆ ಗಡುವು, ಪರಿಹಾರದ ಅರ್ಜಿಗೆ ಗಡುವು. ಆದುದರಿಂದ ಹಿರಿಯರು ಕಷ್ಟಪಟ್ಟು ಕಲಿತ ಪಾಠವನ್ನು ನಾಲ್ಕು ಮಾತಿನಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳಿ.

ಮೊದಲು, ಯಾವ ನೋಟೀಸು ಕಂಡರೂ ಮೂರು ಸಂಗತಿ ಹುಡುಕಿ: ಯಾವ ಸರ್ವೆ ನಂಬರು, ಏನು ಮಾಡಬೇಕು, ಯಾವ ತಾರೀಖಿನೊಳಗೆ. ಉಳಿದದ್ದು ಅರ್ಥವಾಗದಿದ್ದರೂ ಈ ಮೂರು ತಿಳಿದರೆ ಮುಂದಿನ ದಾರಿ ಸಿಗುತ್ತದೆ. ತಕರಾರು ಸಲ್ಲಿಸಲು ಎಷ್ಟು ದಿನ ಎಂಬುದು ಆಗಾಗ ಬದಲಾಗುತ್ತದೆ. ಹೋದ ಸಲ ಇಷ್ಟಿತ್ತು ಎಂದು ನಂಬದೆ, ಕೈಯಲ್ಲಿರುವ ಕಾಗದದಲ್ಲಿ ಏನಿದೆಯೋ ಅದನ್ನು ನೋಡಿ.

ಎರಡನೆಯದು, ಬರೆಸಿದ್ದನ್ನು ಓದಿಸಿ ಕೇಳಿ. ಶಾಲೆಗೆ ಹೋಗುವ ಮಗಳೋ ಮಗನೋ ಮನೆಯಲ್ಲಿದ್ದರೆ ಅವರಿಂದಲೇ ಓದಿಸಿ. ಓದಿಸಿ ಕೇಳದೆ ಹೆಬ್ಬೆಟ್ಟಾಗಲಿ ರುಜುವಾಗಲಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಯಾರು ಹೇಳಿದರೂ ಬೇಡ.

ಮೂರನೆಯದು, ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಪಡೆಯಿರಿ. ಅದರ ಮೇಲೆ ತಾರೀಖೂ ಮೊಹರೂ ಇರಲಿ. ಏಳನೇ ನಮೂನೆಯ ವ್ಯಾಜ್ಯಗಳಲ್ಲಿ "ಅರ್ಜಿ ಕೊಟ್ಟಿದ್ದೆ ಸ್ವಾಮಿ" ಎಂದವರಿಗೆ ಕಚೇರಿಯಲ್ಲಿ ಕೇಳಿದ್ದು "ಚೀಟಿ ಎಲ್ಲಿ?" ಎಂದೇ. ಕಂದಾಯದ ರಸೀತಿ, ಪಹಣಿ, ಹಕ್ಕುಪತ್ರ, ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಗೆದ್ದಲು, ಇಲಿ ಮುಟ್ಟದ ಹಾಗೆ ಇಡಿ. ಎಲ್ಲಿದೆ ಎಂಬುದು ಮನೆಯ ಹೆಂಗಸರಿಗೂ ಗೊತ್ತಿರಲಿ.

ನಾಲ್ಕನೆಯದು, ವರ್ಷಕ್ಕೆ ಒಂದು ಸಲವಾದರೂ ನಿಮ್ಮ ಪಹಣಿ ತೆಗೆಸಿ ನೋಡಿ. ಸುಗ್ಗಿ ಮುಗಿದ ಮೇಲೆ ಕಣ ಗುಡಿಸುವ ಹಾಗೆ ಇದೂ ಒಂದು ವಾಡಿಕೆಯಾಗಲಿ. ಹೆಸರು ಸರಿಯಿದೆಯೆ, ವಿಸ್ತೀರ್ಣ ಸರಿಯಿದೆಯೆ, ಬೆಳೆ ಸರಿಯಾಗಿ ಬರೆದಿದೆಯೆ? ತಪ್ಪಿದ್ದರೆ ಆ ವರ್ಷವೇ ಹೇಳಿ. ಹೊಸ ಕಳೆಯನ್ನು ಕೈಯಲ್ಲಿ ಕೀಳಬಹುದು. ಬೇರು ಬಿಟ್ಟ ಮೇಲೆ ಗುದ್ದಲಿ ಬೇಕು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸದೆ ಇಪ್ಪತ್ತು ವರ್ಷ ಬಿಟ್ಟ ಮನೆಗಳಿವೆ. ಅವರ ಓಡಾಟ ನಿಮಗೆ ಬೇಡ.

ಬಾಂಧವರೆ, 1974ರಲ್ಲಿ ಲಕ್ಷಾಂತರ ಜನ ಹೆದರಿಕೆಯನ್ನು ನುಂಗಿಕೊಂಡು ಒಂದು ಹಾಳೆಯ ಮೇಲೆ ತಮ್ಮ ಹೆಸರು ಬರೆಸಿದರು. ಅವರಲ್ಲಿ ಬಹಳ ಮಂದಿಗೆ ಆ ಹಾಳೆಯನ್ನು ಓದಲು ಬರುತ್ತಿರಲಿಲ್ಲ. ಆದರೂ ಯಾರನ್ನೋ ಕೇಳಿದರು, ಓದಿಸಿಕೊಂಡರು, ತಾಲ್ಲೂಕು ಕಚೇರಿಗೆ ನಡೆದು ಹೋದರು, ಸಾಲಿನಲ್ಲಿ ನಿಂತರು. ಅವರಿಗೆ ಸಿಕ್ಕಿದ ನೆಲದಲ್ಲಿ ಇಂದು ಮೊಮ್ಮಕ್ಕಳು ಬೆಳೆ ತೆಗೆಯುತ್ತಿದ್ದಾರೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ಹಳೆಯ ಹತ್ತನೇ ನಮೂನೆಯ ಪತ್ರ ಇದ್ದರೆ ನಾಳೆ ಬೆಳಗ್ಗೆ ಹೊರಗೆ ತೆಗೆಯಿರಿ. ಮಕ್ಕಳನ್ನು ಕೂರಿಸಿಕೊಂಡು, ಇದು ನಿಮ್ಮ ಅಜ್ಜ ತಂದದ್ದು, ಹೀಗೆ ತಂದದ್ದು ಎಂದು ಹೇಳಿ, ಒಂದು ಸಲ ಓದಿಸಿ, ಮತ್ತೆ ಜೋಪಾನವಾಗಿ ಮಡಚಿ ಇಡಿ.

ಚಾವಡಿಯ ಕಡೆ ಹೋದಾಗ ಗೋಡೆಯ ಮೇಲೊಂದು ಕಣ್ಣಿರಲಿ.